ಝರಿಯಾದ ಬೆಂಕಿ: 1916ರ ದಾಖಲೆಯ ಮರುಪರಿಶೀಲನೆ

ಝರಿಯಾ ಕಲ್ಲಿದ್ದಲು ಕ್ಷೇತ್ರದ ನೆಲದಡಿಯ ಬೆಂಕಿಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು 1916ರಿಂದ ಆರಂಭಿಸುತ್ತಾರೆ. ಅಂದು ಹೊತ್ತಿದ ಬೆಂಕಿ ನೂರು ವರ್ಷ ದಾಟಿಯೂ ಆರಿಲ್ಲ ಎನ್ನುತ್ತಾರೆ. ದಾಖಲೆಯಿಂದ ತಿಳಿಯುವುದು ಇಷ್ಟು ಮಾತ್ರ: ಭೌರಾ ಗಣಿಯ ಬೆಂಕಿ ಆ ವರ್ಷ ವರದಿಯಾಯಿತು, ಈ ಕ್ಷೇತ್ರದಲ್ಲಿ ಅದೇ ಮೊದಲ ವರದಿ. ಒಂದು ಗಣಿಯ ವರದಿಯನ್ನು ಇಡೀ ಕಲ್ಲಿದ್ದಲು ಕ್ಷೇತ್ರದ ಜಾತಕವೆಂದು ಓದಿದ್ದೇ ತಪ್ಪು. ಎಪ್ಪತ್ತರ ದಶಕದ ಆರಂಭದಲ್ಲಿ ಗಣಿಗಳು ರಾಷ್ಟ್ರೀಕರಣವಾದಾಗ ಗುರುತಿಸಲಾದ ಬೆಂಕಿಗಳೇ ಸುಮಾರು 70. ಇವೆಲ್ಲ ಭೌರಾದಿಂದ ಹಬ್ಬಿದವೆಂದು ಹೇಳಲು ಆಧಾರವೇನು?

ಬೆಂಕಿ ಹುಟ್ಟುವ ಬಗೆಯನ್ನು ನೋಡಿದರೂ ಒಂದೇ ಮೂಲದ ವಾದ ನಿಲ್ಲುವುದಿಲ್ಲ. ಸುರಂಗ ಕೊರೆಯುವಾಗ ಚಾವಣಿಗೆ ಆಸರೆಯಾಗಿ ಕಲ್ಲಿದ್ದಲಿನ ಕಂಬಗಳನ್ನು ಬಿಡುತ್ತಿದ್ದರು. ಗಣಿಯನ್ನು ತೊರೆದ ಮೇಲೆ ಕಂಬಗಳು ನಜ್ಜುಗುಜ್ಜಾಗಿ ಚಾವಣಿ ಕುಸಿಯುತ್ತದೆ, ಬಿರುಕು ನೆಲದ ಮೇಲಿನವರೆಗೆ ಬರುತ್ತದೆ. ಆ ದಾರಿಯಲ್ಲಿ ಗಾಳಿ ಇಳಿದು ಕಲ್ಲಿದ್ದಲು ಮೆಲ್ಲಗೆ ಕಾಯುತ್ತದೆ. ಕಾವು ಹೊರಹೋಗದಿದ್ದರೆ ತಾನೇ ಹೊತ್ತಿಕೊಳ್ಳುತ್ತದೆ. ಬಗೆಬಗೆಯ ಮಾಲೀಕರು ಬಿಟ್ಟುಹೋದ ಒಂದೊಂದು ಟೊಳ್ಳೂ ಹೊಸ ಬೆಂಕಿಗೆ ಎಡೆಯಾಯಿತು.

ಟೊಳ್ಳಿಗೆ ಮರಳು ತುಂಬಿದರೆ ಅಪಾಯ ತಗ್ಗುತ್ತದೆಂಬುದು ಖಾಸಗಿ ಮಾಲೀಕರ ಕಾಲದಲ್ಲೇ ತಿಳಿದಿತ್ತು. ಕಲ್ಲಿದ್ದಲು ಗಣಿಗಾರಿಕೆ ಕುರಿತ, ಬರೋಸ್ ಅಧ್ಯಕ್ಷತೆಯ ಸಮಿತಿಯ 1937ರ ವರದಿಯನ್ನು ನಮ್ಮವರು ಏಕೆ ಓದುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಲಾಭ ಮುಂದೆ, ಸುರಕ್ಷತೆ ಹಿಂದೆ ಎಂಬ ಉದ್ಯಮದ ನಡೆಯನ್ನು ಅದು ಮುಚ್ಚುಮರೆಯಿಲ್ಲದೆ ಟೀಕಿಸಿತ್ತು. ಮರಳು ತುಂಬುವುದಕ್ಕೆ ಸಂಬಂಧಿಸಿದ ಕಾಯ್ದೆ 1939ರಲ್ಲಿ ಬಂತು. ಇಷ್ಟಾದ ಮೇಲೂ 'ಶತಮಾನದ ಬೆಂಕಿ' ಎಂದರೆ ಹೊಣೆ ಯಾರ ಮೇಲೂ ಬೀಳದು, ಪ್ರಕೃತಿಯ ಪಾಲಿಗೆ ಹೋಗುತ್ತದೆ. ಖಾಸಗಿ ಮಾಲೀಕರ ತಪ್ಪು ದೊಡ್ಡದೇ, ಅದನ್ನು ಒಪ್ಪುತ್ತೇನೆ. ಆದರೆ ರಾಷ್ಟ್ರೀಕರಣದ ನಂತರ ತೆರೆದ ಗಣಿಗಳು ಹಳೆಯ ಸುರಂಗಗಳನ್ನು ಬಗೆದು ಗಾಳಿಗೆ ಒಡ್ಡಿದ್ದನ್ನು 1916ರ ಲೆಕ್ಕಕ್ಕೆ ಬರೆಯಲಾಗದು.

ಬೆಂಕಿಯ ಮೇಲ್ಮೈ ವಿಸ್ತೀರ್ಣ 8.9ರಿಂದ 1.80 ಚದರ ಕಿಲೋಮೀಟರಿಗೆ ಇಳಿದಿದೆ ಎಂಬ ಸರ್ಕಾರಿ ಅಂಕಿಯನ್ನು ಎದುರು ವಾದಕ್ಕೆ ಬಳಸುವವರಿದ್ದಾರೆ. ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಉಪಗ್ರಹದ ಅಳತೆ; ಉಪಗ್ರಹ ಅಳೆಯುವುದು ನೆಲದ ಮೇಲಿನ ಶಾಖವನ್ನು. ಆಳದಲ್ಲಿ ಉರಿಯುವುದೆಲ್ಲ ಅದಕ್ಕೆ ಕಾಣದು. ಉರಿಯುವ ಪದರವನ್ನು ಅಗೆದು ತೆಗೆದರೂ ವಿಸ್ತೀರ್ಣ ಇಳಿಯುತ್ತದೆ, ಜೊತೆಗೆ ಊರೂ ಹೋಗುತ್ತದೆ. ಆ ಊರಿನವರು ಈ ಚದರ ಕಿಲೋಮೀಟರುಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಅವರನ್ನು ಕಾಣಬೇಕಾದರೆ ಪುನರ್ವಸತಿಗಾಗಿ 2009ರಲ್ಲಿ ಮಂಜೂರಾದ ಝರಿಯಾ ಮಾಸ್ಟರ್ ಪ್ಲಾನನ್ನು ಓದಬೇಕು. ಅದು ಪಟ್ಟಿಮಾಡಿದ ಅಪಾಯದ ತಾಣಗಳು 595. ಅಲ್ಲಿನ ಕುಟುಂಬಗಳನ್ನು ಅದು ಭೂಮಿಯ ಹಕ್ಕುಪತ್ರ ಇದ್ದವರು, ಇಲ್ಲದವರು ಎಂದು ವಿಂಗಡಿಸುತ್ತದೆ. ಕಲ್ಲಿದ್ದಲು ಆಯ್ದು, ಹೊತ್ತು, ಸೈಕಲ್ಲಿನಲ್ಲಿ ಸಾಗಿಸಿ ಬದುಕುವವರ ಕೈಯಲ್ಲಿ ಎಂಥ ಪತ್ರವಿರುತ್ತದೆ? ಅವರಲ್ಲಿ ಹಲವರಿಗೆ ದೊರೆತದ್ದು ಬೆಲ್ಗಡಿಯಾದ ಪುನರ್ವಸತಿ ಬಡಾವಣೆಯ ಮನೆ. ದುಡಿಮೆ ಝರಿಯಾದಲ್ಲೇ ಉಳಿಯಿತು.