ಮಧ್ಯಮ ದೂರದ ಓಟ: ಅಭ್ಯಾಸ ಮತ್ತು ಪ್ರೇರಣೆ

ಕುಮುದ್ವತಿ ಜಲಾಶಯದ ಊರಾದ ಅಂಜನಾಪುರ ಹಾಗೂ ಸುತ್ತಲಿನ ಗ್ರಾಮಗಳ ಯುವಜನರ ಮಾಹಿತಿಗಾಗಿ:

800 ಮೀ. ಓಟವು 400 ಮೀ. ಪಥದ ಎರಡು ಸುತ್ತು; 1500 ಮೀ. ಓಟವು ಮೂರೂಮುಕ್ಕಾಲು ಸುತ್ತು.

1. ವಾರದ ಹೆಚ್ಚಿನ ದಿನಗಳಲ್ಲಿ ಮಾತನಾಡುತ್ತಾ ಓಡಬಲ್ಲಷ್ಟು ನಿಧಾನಗತಿಯಲ್ಲಿ ಓಡುವುದು.
2. ಎರಡು ದಿನ ಮಾತ್ರ, ನಡುವೆ ವಿರಾಮ ನೀಡಿ, 400 ಮೀ. ವೇಗದ ಓಟವನ್ನು ಹಲವು ಬಾರಿ ಓಡುವುದು. ಒಂದು ದಿನ ಪೂರ್ಣ ವಿಶ್ರಾಂತಿ.
3. ಓಟದ ಸಮಯವನ್ನು ಪುಸ್ತಕದಲ್ಲಿ ನಮೂದಿಸುವುದು. ಉತ್ಸಾಹ ಕುಂದಿದಾಗ ಹಿಂದಿನ ತಿಂಗಳ ಸಮಯದೊಡನೆ ಹೋಲಿಸಿ ನೋಡುವುದು.

ಹರಿಯಾಣದ ಮಂಜಿತ್ ಸಿಂಗ್ ಅವರು ಉದ್ಯೋಗವಿಲ್ಲದಿದ್ದರೂ ಅಭ್ಯಾಸ ಬಿಡದೆ, 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ 800 ಮೀ. ಓಟದಲ್ಲಿ ತಮ್ಮ 28ನೇ ವಯಸ್ಸಿನಲ್ಲಿ ಚಿನ್ನದ ಪದಕ ಗಳಿಸಿದರು.

ಆಸಕ್ತರಿಗೆ ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟವೇ ಮೊದಲ ಮೆಟ್ಟಿಲು. ವಿವರಗಳಿಗೆ ಶಿವಮೊಗ್ಗದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.