ಪರದೆಯ ಮೇಲಿನ ಜಾಗ ಯಾರದು? ಕಿಟಕಿ ನಿರ್ವಹಣೆಯ ಚರಿತ್ರೆಯಲ್ಲಿ ಕರ್ನಾಟಕದ ಎರಡು ಸಂದರ್ಭಗಳು

ಕಂಪ್ಯೂಟರಿನ ಪರದೆಯಲ್ಲಿ ಕಿಟಕಿಗಳನ್ನು ತೆರೆಯುವುದು, ಒಂದರ ಮೇಲೊಂದು ಇಡುವುದು, ಕುಗ್ಗಿಸಿ ಮರೆಮಾಡುವುದು, ಬೇರೆ ಬೇರೆ ಕಾರ್ಯಕ್ಷೇತ್ರಗಳಿಗೆ ಹಂಚುವುದು: ಈ ಏರ್ಪಾಟಿಗೆ ಈಗ ಅರ್ಧ ಶತಮಾನದ ಚರಿತ್ರೆಯಿದೆ. ಅದನ್ನು ಬರೆಯುವವರು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪ್ರಯೋಗಾಲಯದಲ್ಲಿ ಶುರುಮಾಡಿ ಆಪಲ್, ಮೈಕ್ರೋಸಾಫ್ಟ್‌ಗಳ ಹತ್ತಿರ ಮುಗಿಸುತ್ತಾರೆ. ಕರ್ನಾಟಕದ ಹೆಸರು ಬಂದರೆ ಸಾಫ್ಟ್‌ವೇರ್ ಬರೆದುಕೊಡುವವರ ನಾಡೆಂದು ಬರುತ್ತದೆ, ಅಷ್ಟೆ. ಆದರೆ ಈ ಚರಿತ್ರೆಯ ಎರಡು ಮುಖ್ಯ ಸಂದರ್ಭಗಳು ಇಲ್ಲೇ ನಡೆದವು. ಒಂದು, 2011ರಲ್ಲಿ ಬೆಂಗಳೂರಿನಲ್ಲಿ, ಲಿನಕ್ಸ್‌ನ ಡೆಸ್ಕ್‌ಟಾಪ್ ವ್ಯವಸ್ಥೆಯಾದ ಗ್ನೋಮ್ 3ರ ಬಿಡುಗಡೆಯ ಹೊಸ್ತಿಲಲ್ಲಿ. ಇನ್ನೊಂದು ಅದಕ್ಕೂ ಹತ್ತು ವರ್ಷ ಮೊದಲು, ತಾಲೂಕು ಕಚೇರಿಗಳಲ್ಲಿ ಕಂಪ್ಯೂಟರಿನಿಂದ ಭೂ ದಾಖಲೆ ಕೊಡುವ ಭೂಮಿ ಕೇಂದ್ರಗಳಲ್ಲಿ. ಈಗಿನ ಅಜ್ಜಂಪುರ ತಾಲೂಕಿನ ಬುಕ್ಕಾಂಬುಧಿಯ ರೈತ ಜಮೀನಿನ ದಾಖಲೆಯಾದ ಪಹಣಿಗಾಗಿ ಆಗ ಹೋಗಬೇಕಿದ್ದುದು ತರೀಕೆರೆಗೆ. ಅಜ್ಜಂಪುರ ಇನ್ನೂ ತಾಲೂಕಾಗಿರಲಿಲ್ಲ. ಆ ರೈತನ ಎದುರಿಗಿದ್ದ ಪರದೆಯನ್ನು ಕಿಟಕಿ ನಿರ್ವಹಣೆಯ ಚರಿತ್ರೆಗೆ ಯಾರೂ ಸೇರಿಸಿಲ್ಲ. ಸೇರಿಸಬೇಕು ಎಂಬುದೇ ಈ ಲೇಖನದ ವಾದ.

ಪ್ರಯೋಗಾಲಯಗಳ ಪರಂಪರೆ

ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಆಲ್ಟೋ ಯಂತ್ರ ತಯಾರಾಯಿತು. ಅಲನ್ ಕೇ ಅವರ ತಂಡ ಸ್ಮಾಲ್‌ಟಾಕ್ ವ್ಯವಸ್ಥೆಯಲ್ಲಿ ಒಂದರ ಮೇಲೊಂದು ಹಾಯುವ ಕಿಟಕಿಗಳನ್ನು ತಂದಿತು. ಪರದೆ ಚಿಕ್ಕದು, ಕೆಲಸ ಹಲವು. ಮೇಲಿನ ಕಿಟಕಿ ಕೆಳಗಿನದನ್ನು ಮುಚ್ಚಿದರೆ ಜಾಗ ಉಳಿಯುತ್ತದೆ ಎಂಬುದು ಆಗಿನ ಲೆಕ್ಕ. ಎಲ್ಲರೂ ಇದನ್ನು ಒಪ್ಪಲಿಲ್ಲ. ಅದೇ ಜೆರಾಕ್ಸ್ 1981ರಲ್ಲಿ ಮಾರುಕಟ್ಟೆಗೆ ತಂದ ಸ್ಟಾರ್ ಯಂತ್ರದಲ್ಲಿ ಕಿಟಕಿಗಳನ್ನು ಅಕ್ಕಪಕ್ಕ ಜೋಡಿಸಲಾಗಿತ್ತು. 1985ರ ವಿಂಡೋಸ್ 1.0 ಕೂಡ ಮುಖ್ಯ ಕಿಟಕಿಗಳನ್ನು ಒಂದರ ಮೇಲೊಂದು ಬರಲು ಬಿಡಲಿಲ್ಲ. ಮೈಕ್ರೋಸಾಫ್ಟ್ ಆ ಪಟ್ಟನ್ನು ಸಡಿಲಿಸಿದ್ದು 1987ರ ಎರಡನೆಯ ಆವೃತ್ತಿಯಲ್ಲಿ.

ಈ ಪರಂಪರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಬರಹ 1986ರದು. ಜೆರಾಕ್ಸ್‌ನ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಆ ವರ್ಷ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಅವರು ಹಿಡಿದ ದಾರಿ ವಿಚಿತ್ರವಾದರೂ ಫಲ ಕೊಟ್ಟಿತು. ಕಂಪ್ಯೂಟರಿನ ಮೆಮೊರಿ ಸಾಲದೆ ಬಂದಾಗ ಯಂತ್ರವು ಪುಟಗಳನ್ನು ಒಳಗೆ ತರುವುದರಲ್ಲಿ, ಹೊರಗೆ ಹಾಕುವುದರಲ್ಲಿಯೇ ಹೊತ್ತು ಕಳೆದು ನಿಜವಾದ ಕೆಲಸ ನಿಂತುಹೋಗುತ್ತದೆ ಎಂಬುದನ್ನು ಪೀಟರ್ ಡೆನಿಂಗ್ 1968ರಲ್ಲೇ ವಿಶ್ಲೇಷಿಸಿದ್ದರು. ಚಿಕ್ಕ ಪರದೆಯ ಮುಂದೆ ಕೂತ ಮನುಷ್ಯನಿಗೂ ಆಗುವುದು ಇದೇ ಎಂದು ಹೆಂಡರ್ಸನ್ ಮತ್ತು ಕಾರ್ಡ್ ಕಂಡುಕೊಂಡರು: ಒಂದು ಕಿಟಕಿ ಬೇಕೆಂದು ಇನ್ನೊಂದನ್ನು ಸರಿಸಬೇಕು, ಸರಿಸಿದ್ದು ಮರುಕ್ಷಣವೇ ಮತ್ತೆ ಬೇಕಾಗುತ್ತದೆ. ಮೆಮೊರಿಗೆ ಕೊಟ್ಟ ಮದ್ದನ್ನೇ ಅವರು ಪರದೆಗೂ ಕೊಟ್ಟರು. ಒಂದು ಕೆಲಸಕ್ಕೆ ಒಟ್ಟಿಗೆ ಬೇಕಾಗುವ ಕಿಟಕಿಗಳನ್ನು ಒಂದು ಕೋಣೆಯಲ್ಲಿಡುವುದು, ಕೆಲಸ ಬದಲಾದರೆ ಕೋಣೆಯನ್ನೇ ಬದಲಿಸುವುದು. ಕೋಣೆಯಿಂದ ಕೋಣೆಗೆ ಬಾಗಿಲುಗಳಿದ್ದವು. ಎಲ್ಲ ಕಡೆಯೂ ಬೇಕಾದ ಗಡಿಯಾರದಂಥ ಕಿಟಕಿಯನ್ನು ‘ಜೇಬಿ’ನಲ್ಲಿ ಇಟ್ಟುಕೊಂಡು ತಿರುಗಬಹುದಿತ್ತು. ಎಲ್ಲ ಕೋಣೆಗಳನ್ನೂ ಪುಟ್ಟ ಚಿತ್ರಗಳಾಗಿ ಒಮ್ಮೆಗೇ ತೋರಿಸುವ ಮೇಲ್ನೋಟವೂ ಇತ್ತು. ಇಂದು ಯಾವ ಡೆಸ್ಕ್‌ಟಾಪಿನಲ್ಲಾದರೂ ‘ಎಲ್ಲ ಕಾರ್ಯಕ್ಷೇತ್ರಗಳಲ್ಲೂ ಕಾಣಿಸು’ ಎಂಬ ಆಯ್ಕೆ ಕಂಡರೆ ಅದು ಆ ಜೇಬಿನ ವಂಶಸ್ಥ.

ಮುಂದಿನ ಕತೆ ಬೇಗ ಹೇಳಿ ಮುಗಿಸಬಹುದು. 1990ರ ಆಸುಪಾಸಿನಲ್ಲಿ ಯುನಿಕ್ಸ್ ಯಂತ್ರಗಳ ಎಕ್ಸ್ ವ್ಯವಸ್ಥೆಯ ಕಿಟಕಿ ನಿರ್ವಾಹಕಗಳು ಪರದೆಗಿಂತ ದೊಡ್ಡದಾದ ಕಾಲ್ಪನಿಕ ಮೇಜನ್ನು ಕೊಟ್ಟವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಯೋಜನೆಗಳು ಶುರುವಾದವು. ಎರಡೂ ಹಲವು ಕಾರ್ಯಕ್ಷೇತ್ರಗಳ ಕಲ್ಪನೆಯನ್ನು ಸಾಮಾನ್ಯ ಬಳಕೆದಾರರ ಕೈಗಿತ್ತವು. ಆಪಲ್ 2007ರಲ್ಲಿ, ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಅದನ್ನು ಮೂಲ ವ್ಯವಸ್ಥೆಯೊಳಗೆ ತಂದವು.

ಬೆಂಗಳೂರು, 2011

ಗ್ನೋಮ್ 2ರ ಕಾಲದ ಡೆಸ್ಕ್‌ಟಾಪಿನಲ್ಲಿ ಕೆಳಗೊಂದು ಪಟ್ಟಿ, ಅದರಲ್ಲಿ ತೆರೆದ ಕಿಟಕಿಗಳ ಸಾಲು, ಮೂಲೆಯಲ್ಲಿ ಕಾರ್ಯಕ್ಷೇತ್ರಗಳ ಚೌಕಗಳು. ಆ ಚೌಕಗಳನ್ನು ಬಹುಜನ ಮುಟ್ಟುತ್ತಲೇ ಇರಲಿಲ್ಲ. 2008ರ ಅಕ್ಟೋಬರಿನಲ್ಲಿ ಬಾಸ್ಟನ್‌ನಲ್ಲಿ ಸೇರಿದ ವಿನ್ಯಾಸಕಾರರು ಈ ಏರ್ಪಾಟನ್ನು ಬುಡದಿಂದಲೇ ಬದಲಿಸಲು ಹೊರಟರು. ಅದರಿಂದ ಹುಟ್ಟಿದ್ದು ಗ್ನೋಮ್ ಶೆಲ್. ಕೆಳಗಿನ ಪಟ್ಟಿ ಹೋಯಿತು. ಮೌಸನ್ನು ಮೇಲಿನ ಎಡ ಮೂಲೆಗೆ ಒಯ್ದರೆ ತೆರೆದ ಕಿಟಕಿಗಳೆಲ್ಲ ಚಿಕ್ಕವಾಗಿ ಹರಡಿಕೊಂಡವು. ಬಲಬದಿಯಲ್ಲಿ ಕಾರ್ಯಕ್ಷೇತ್ರಗಳು ಮೇಲಿಂದ ಕೆಳಕ್ಕೆ ಸಾಲಾಗಿ ನಿಂತವು. ಇಷ್ಟೇ ಎಂಬ ಸಂಖ್ಯೆಯೂ ಇರಲಿಲ್ಲ. ಕೊನೆಯಲ್ಲಿ ಸದಾ ಒಂದು ಖಾಲಿ ಕ್ಷೇತ್ರ. ಅದನ್ನು ಬಳಸಿದರೆ ಅದರ ಕೆಳಗೆ ಇನ್ನೊಂದು.

2011ರ ಫೆಬ್ರವರಿಯಲ್ಲಿ, ಬಿಡುಗಡೆಗೆ ವಾರಗಳು ಉಳಿದಿರುವಾಗ, ಕಿಟಕಿಯ ನೆತ್ತಿಯ ಮೇಲಿದ್ದ ಕುಗ್ಗಿಸುವ ಮತ್ತು ಹಿಗ್ಗಿಸುವ ಗುಂಡಿಗಳನ್ನು ತೆಗೆದುಹಾಕುವ ತೀರ್ಮಾನ ಬಂತು. ಅದನ್ನು ಮಂಡಿಸಿದ ಗ್ನೋಮ್ ಶೆಲ್ ತಂಡದ ಓವನ್ ಟೇಲರ್ ಅವರ ತರ್ಕ ಸರಳವಾಗಿತ್ತು. ಕೆಳಗಿನ ಪಟ್ಟಿಯೇ ಇಲ್ಲದ ಮೇಲೆ ಕುಗ್ಗಿದ ಕಿಟಕಿ ಹೋಗಿ ಕೂರುವುದೆಲ್ಲಿ? ಬೇಡವಾದ ಕಿಟಕಿಯನ್ನು ಇನ್ನೊಂದು ಕಾರ್ಯಕ್ಷೇತ್ರಕ್ಕೆ ಸರಿಸಬಹುದು. ಹಿಗ್ಗಿಸಲು ನೆತ್ತಿಯ ಪಟ್ಟಿಯನ್ನು ಎರಡು ಬಾರಿ ಒತ್ತಿದರೆ, ಇಲ್ಲವೇ ಮೇಲಂಚಿಗೆ ಎಳೆದರೆ ಸಾಕು. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಬಳಕೆದಾರರು ಸಿಡಿದೆದ್ದರು. ಹದಿನೈದಿಪ್ಪತ್ತು ವರ್ಷ ಕೈಗೆ ರೂಢಿಯಾದ ಗುಂಡಿ ಒಂದು ದಿನ ಇದ್ದಕ್ಕಿದ್ದಂತೆ ಇಲ್ಲವಾದರೆ ತರ್ಕ ಕೇಳುವ ತಾಳ್ಮೆ ಯಾರಿಗಿರುತ್ತದೆ?

ಈ ಗದ್ದಲದ ನಡುವೆಯೇ ಗ್ನೋಮ್ ಬಳಗ ಬೆಂಗಳೂರಿಗೆ ಬಂತು. ಗ್ನೋಮ್ ಏಷ್ಯಾ ಸಮ್ಮೇಳನ ಆ ವರ್ಷ ನಡೆದದ್ದು ಇಲ್ಲಿನ ದಯಾನಂದ ಸಾಗರ್ ವಿದ್ಯಾಸಂಸ್ಥೆಯಲ್ಲಿ, ಏಪ್ರಿಲ್ ಮೊದಲ ವಾರ. ಅದಕ್ಕೆ ಮುಂಚಿನ ದಿನಗಳಲ್ಲಿ ಇದೇ ನಗರದಲ್ಲಿ ಕೂತು ಅವರು ಬಿಡುಗಡೆಯ ಕೊನೆಯ ಕೆಲಸಗಳನ್ನು ಮಾಡಿದರು. ಏಪ್ರಿಲ್ 6ರಂದು ಗ್ನೋಮ್ 3.0 ಹೊರಬಂತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅದೇ ವರ್ಷ ಬಹಿರಂಗವಾಗಿ ಬೈದು ಎಕ್ಸ್ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹಿಡಿದರು. ಹಳೆಯ ಗ್ನೋಮ್ 2ನ್ನೇ ಮುಂದುವರಿಸಲು ಮಾಟೆ ಹುಟ್ಟಿತು; ಲಿನಕ್ಸ್ ಮಿಂಟ್ ತಂಡ ಸಿನಮನ್ ಕಟ್ಟಿತು. ಕೊನೆಗೆ ಗ್ನೋಮ್‌ನವರೇ 2013ರ 3.8ರಲ್ಲಿ ಹಳೆಯ ಕೆಳಪಟ್ಟಿಯ ‘ಕ್ಲಾಸಿಕ್’ ರೂಪವನ್ನು ಕೊಡಬೇಕಾಯಿತು. 2021ರ ಗ್ನೋಮ್ 40ರಲ್ಲಿ ಮೇಲಿಂದ ಕೆಳಗೆ ಇದ್ದ ಕಾರ್ಯಕ್ಷೇತ್ರಗಳು ಎಡದಿಂದ ಬಲಕ್ಕೆ ತಿರುಗಿದವು.

ಇಷ್ಟೆಲ್ಲ ಜಗಳದಲ್ಲಿ ಎರಡೂ ಪಕ್ಷದವರು ಪ್ರಶ್ನಿಸದ ಒಂದು ಸಂಗತಿಯಿದೆ. ಪರದೆಯ ಮುಂದೆ ಇರುವವನು ಒಬ್ಬ, ಅವನಿಗಿರುವ ಕೆಲಸಗಳು ಹಲವು ಎಂಬುದು. ರೂಮ್ಸ್‌ನಿಂದ ಗ್ನೋಮ್‌ವರೆಗೆ ಎಲ್ಲರ ವಿನ್ಯಾಸವೂ ಈ ಒಬ್ಬನಿಗಾಗಿ. ಯಾವ ಕಿಟಕಿ ಮೇಲೆ ಬರಬೇಕು ಎನ್ನುವುದು ಅವನ ಇಷ್ಟ, ಅವನ ಅನುಕೂಲ.

ತಾಲೂಕು ಕಚೇರಿಯ ಪರದೆ

ಭೂಮಿ ಯೋಜನೆಯಲ್ಲಿ ಮೊದಲ ಪ್ರಯೋಗ ನಡೆದದ್ದು 1999ರಲ್ಲಿ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ಕಂದಾಯ ಇಲಾಖೆಯಲ್ಲಿ ಅದನ್ನು ಮುನ್ನಡೆಸಿದವರು ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. 2002ರ ಹೊತ್ತಿಗೆ ಅಂದಿನ 177 ತಾಲೂಕುಗಳಿಗೂ ಅದು ಹರಡಿತ್ತು. ಸುಮಾರು 67 ಲಕ್ಷ ಭೂ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದುವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗ ಎಲ್ಲಿದ್ದಾನೆ ಎಂದು ಮೊದಲು ಹುಡುಕಬೇಕು. ಪುಸ್ತಕ ಅವನ ಹತ್ತಿರ. ಅದನ್ನು ತೆರೆಯುವವನೂ ಅವನೇ, ಓದಿ ಹೇಳುವವನೂ ಅವನೇ. ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸಾಲ ಕೂತಿದೆ ಎಂದು ರೈತನಿಗೆ ತಿಳಿಯುತ್ತಿದ್ದದ್ದು ಆ ಬಾಯಿಂದ.

ಭೂಮಿ ಕೇಂದ್ರದಲ್ಲಿ ಆದ ಬದಲಾವಣೆಗಳಲ್ಲಿ ಹದಿನೈದು ರೂಪಾಯಿ ಶುಲ್ಕದ ಬಗ್ಗೆ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾದ ವ್ಯವಸ್ಥೆಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಈ ಲೇಖನಕ್ಕೆ ಬೇಕಾದದ್ದು ಇನ್ನೆರಡು ವಿವರ. ಮೊದಲನೆಯದು, ಕೌಂಟರಿನ ಮೇಲಿದ್ದ ಎರಡನೆಯ ಪರದೆ. ಸಿಬ್ಬಂದಿಯ ಕಡೆಗೊಂದು ಮಾನಿಟರ್, ಹೊರಗೆ ನಿಂತ ರೈತನ ಕಡೆಗೊಂದು. ಒಳಗೆ ನಡೆಯುವ ವ್ಯವಹಾರ ಹೊರಗಿನವನಿಗೂ ಕಾಣಬೇಕು ಎಂಬುದೇ ಅದರ ಉದ್ದೇಶ. ಓದು ಬಾರದವರಿಗೂ ಮಗನನ್ನೋ ಪಕ್ಕದವರನ್ನೋ ಕರೆದು ಹೆಸರು ಸರಿಯಿದೆಯೇ ನೋಡು ಎನ್ನುವ ಅವಕಾಶ ಒದಗಿತು. ಇಂಥ ಪರದೆಯಲ್ಲಿ ಕಿಟಕಿಗಳ ರಾಶಿಗೆ ಜಾಗವಿಲ್ಲ. ಸಿಬ್ಬಂದಿ ಒಂದರ ಮೇಲೊಂದು ನಾಲ್ಕು ಕಿಟಕಿ ತೆರೆದಿಟ್ಟುಕೊಂಡರೆ ಹೊರಗಿನವನಿಗೆ ಅರ್ಥವಾಗುವುದೇನು? ಕೆಲಸ ಒಂದು, ನೋಡುವವರು ಇಬ್ಬರು. ಪ್ರಯೋಗಾಲಯಗಳ ಕಲ್ಪನೆ ಇಲ್ಲಿ ತಲೆಕೆಳಗಾಗಿದೆ.

ಎರಡನೆಯ ವಿವರ ಖಾತೆ ಬದಲಾವಣೆಯ ಅರ್ಜಿಗಳದು. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿಯಾಗಬೇಕು ಎಂಬ ಕ್ರಮವನ್ನು ಸಾಫ್ಟ್‌ವೇರ್‌ನೊಳಗೇ ಕೂರಿಸಲಾಗಿತ್ತು. ಕಚೇರಿಯ ಮೇಜಿನ ಮೇಲಿನ ಕಡತಗಳ ರಾಶಿಯಲ್ಲಿ ಯಾರ ಫೈಲು ಮೇಲೆ ಬರುತ್ತದೆ, ಯಾರದು ಅಡಿಗೆ ಜಾರುತ್ತದೆ ಎಂಬುದು ನಮ್ಮಲ್ಲಿ ಯಾವತ್ತೂ ಕೇವಲ ಜೋಡಣೆಯ ವಿಷಯವಾಗಿರಲಿಲ್ಲ. ‘ಫೈಲು ಮೇಲೆ ತರಿಸುವುದು’ ಎಂದರೆ ಏನೆಂದು ತಾಲೂಕು ಕಚೇರಿ ಕಂಡವರಿಗೆಲ್ಲ ಗೊತ್ತು. ಕಿಟಕಿ ನಿರ್ವಹಣೆಯ ಜೀವಾಳವೇ ಈ ಮೇಲು ಕೆಳಗಿನ ಕ್ರಮ. ಬೇಕಾದ್ದನ್ನು ಒತ್ತಿ ಮೇಲಕ್ಕೆ ತರುವ ಸ್ವಾತಂತ್ರ್ಯವನ್ನು ಪ್ರಯೋಗಾಲಯದವರು ಬಳಕೆದಾರನ ಹಕ್ಕೆಂದು ತಿಳಿದರು. ಭೂಮಿ ಆ ಹಕ್ಕನ್ನು ಕುರ್ಚಿಯಲ್ಲಿ ಕೂತವನ ಕೈಯಿಂದ ಬೇಕೆಂದೇ ತೆಗೆಯಿತು. ಗ್ನೋಮ್‌ನವರು ಎರಡು ಗುಂಡಿ ತೆಗೆದದ್ದಕ್ಕೆ ಜಗತ್ತೆಲ್ಲ ಗದ್ದಲವಾಯಿತು. ಇಲ್ಲಿ ತೆಗೆದದ್ದು ಅದಕ್ಕಿಂತ ಎಷ್ಟೋ ದೊಡ್ಡದು. ವಿನ್ಯಾಸದ ಚರಿತ್ರೆಕಾರರು ಗಮನಿಸಲೂ ಇಲ್ಲ. ಇದರಿಂದ ಲಂಚ ನಿಂತಿತು ಎಂದು ನಾನು ಹೇಳುತ್ತಿಲ್ಲ. ಲಂಚಕ್ಕೆ ಪರದೆಯ ಹೊರಗೂ ದಾರಿಗಳಿವೆ.

ಒಂದು ಕೆಲಸಕ್ಕೆ ಒಂದು ಪರದೆ ಎಂಬ ವಿಚಾರ ಅದೇ ಕಾಲದಲ್ಲಿ ಬೆಂಗಳೂರಿನ ಇನ್ನೊಂದು ಕಡೆಯೂ ಬೆಳೆಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯವರು ರೂಪಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ನಡೆಯುವ ಅಂಗೈ ಯಂತ್ರ. ಅದರ ಪರದೆಯ ಅಳತೆ 320 ಚುಕ್ಕೆಗೆ 240 ಚುಕ್ಕೆ. ಅಷ್ಟರಲ್ಲಿ ಎರಡು ಕಿಟಕಿ ಜೋಡಿಸುವ ಮಾತೇ ಇಲ್ಲ. ಕರ್ನಾಟಕ ಸರ್ಕಾರ ಭೂ ದಾಖಲೆಯ ಕೆಲಸಕ್ಕೆ ಅದನ್ನು ಬಳಸಿಯೂ ನೋಡಿತು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ಸೋತಿತು. ಆದರೆ ಒಂದು ಸಲಕ್ಕೆ ಒಂದೇ ಪರದೆ ಎಂಬ ರೂಢಿ ಮುಂದೆ ಸ್ಮಾರ್ಟ್‌ಫೋನಿನ ಮೂಲಕ ಹಳ್ಳಿ ಹಳ್ಳಿಗೂ ಬಂತು.

ಕನ್ನಡದ ಅಕ್ಷರಕ್ಕೆ ಬೇಕಾದ ಜಾಗ

ಗ್ನೋಮ್ ಮತ್ತು ಕೆಡಿಇ ಎರಡಕ್ಕೂ ಕನ್ನಡ ಅನುವಾದವಿದೆ. ಅನುವಾದವಾದ ಮಾತ್ರಕ್ಕೆ ಕಿಟಕಿ ಕನ್ನಡದ್ದಾಗುವುದಿಲ್ಲ. ಗ್ನೋಮ್ 3ರ ಜೊತೆ ಬಂದ ಕ್ಯಾಂಟರೆಲ್ ಅಕ್ಷರಶೈಲಿಯಲ್ಲಿ ಕನ್ನಡ ಲಿಪಿಯೇ ಇರಲಿಲ್ಲ. ಹಾಗಾಗಿ ಒಂದೇ ಪಟ್ಟಿಯಲ್ಲಿ ಇಂಗ್ಲಿಷಿಗೆ ಅದು, ಕನ್ನಡಕ್ಕೆ ಲೋಹಿತ್‌ನಂಥ ಬೇರೆಯದು. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಷ್ಟು ಇಳಿಯುವ ಅಕ್ಷರಕ್ಕೆ ಲ್ಯಾಟಿನ್ ಲಿಪಿಯ ಅಳತೆಗೆ ಮಾಡಿದ ಪಟ್ಟಿಯ ಎತ್ತರ ಸಾಲದು.

ಇದಕ್ಕಿಂತ ಸೂಕ್ಷ್ಮವಾದದ್ದು ತಲೆಬರಹವನ್ನು ಮೊಟಕುಗೊಳಿಸುವ ರೀತಿ. ಮೇಲ್ನೋಟದಲ್ಲಿ ಕಿಟಕಿಗಳು ಚಿಕ್ಕದಾದಾಗ ಹೆಸರು ಪೂರ್ತಿ ಹಿಡಿಸುವುದಿಲ್ಲ. ಕೊನೆಯನ್ನು ಕತ್ತರಿಸಿ ಮೂರು ಚುಕ್ಕೆ ಇಡುತ್ತಾರೆ. ಇಂಗ್ಲಿಷಿನಲ್ಲಿ ಏನು ಮಾಡಬೇಕೆಂಬ ಕ್ರಿಯಾಪದ ಮೊದಲೇ ಬಂದಿರುತ್ತದೆ, ಕತ್ತರಿಸಿದರೂ ವಿಷಯ ತಿಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ‘ಮುಚ್ಚುವ ಮೊದಲು ಬದಲಾವಣೆಗಳನ್ನು…’ ಎಂದು ನಿಂತರೆ ಉಳಿಸಬೇಕೋ ಅಳಿಸಬೇಕೋ ತಿಳಿಯುವ ಬಗೆ ಇಲ್ಲ. ಪಹಣಿಯಂಥ ಅಗಲ ನಮೂನೆಯಲ್ಲಿ ತಂದೆಯ ಹೆಸರಿನ ಸಮೇತ ಬರುವ ಖಾತೆದಾರನ ಹೆಸರು ಹೀಗೆ ತುಂಡಾದರೆ ಗೊಂದಲ ಇನ್ನೂ ಹೆಚ್ಚು. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುವುದು ನಮ್ಮಲ್ಲಿ ಮಾಮೂಲು. ಅವರನ್ನು ಬೇರೆ ಮಾಡುವುದೇ ತಂದೆಯ ಹೆಸರು.

ನಾಡಕಚೇರಿಗಳು ಹೋಬಳಿ ಮಟ್ಟಕ್ಕೆ, 2022ರಿಂದ ಗ್ರಾಮ ಒನ್ ಕೇಂದ್ರಗಳು ಪಂಚಾಯಿತಿ ಮಟ್ಟಕ್ಕೆ ಇಳಿದ ಮೇಲೆ ಪ್ರಯೋಗಾಲಯದ ಮತ್ತು ಭೂಮಿ ಕೇಂದ್ರದ ಎರಡು ಪರಂಪರೆಗಳು ಒಂದೇ ಮೇಜಿನ ಮೇಲೆ ಬಂದು ಸೇರಿವೆ. ಕಂಪ್ಯೂಟರ್ ಮುಂದೆ ಕೂತವರಿಗೆ ಸೇವಾ ಸಿಂಧು, ಪಹಣಿ, ಜಾತಿ ಆದಾಯ ಪ್ರಮಾಣಪತ್ರ ಎಂದು ಹಲವು ಕೆಲಸ. ಎದುರಿಗೆ ನಿಂತವರಿಗೆ ತಮ್ಮದೊಂದೇ. ಒಬ್ಬರ ಅರ್ಜಿ ಅರ್ಧ ತುಂಬಿದಾಗ ಇನ್ನೊಬ್ಬರ ಒಟಿಪಿ ಬರುತ್ತದೆ. ಹೆಂಡರ್ಸನ್ ಮತ್ತು ಕಾರ್ಡ್ ಇದನ್ನು ಕಂಡಿದ್ದರೆ ಒಬ್ಬೊಬ್ಬ ಅರ್ಜಿದಾರನಿಗೆ ಒಂದೊಂದು ಕೋಣೆ ಮಾಡು ಎನ್ನುತ್ತಿದ್ದರೇನೋ. ಕಾರ್ಯಕ್ಷೇತ್ರಗಳಿಗೆ ಇಷ್ಟು ಒಪ್ಪುವ ಕೆಲಸ ನನಗೆ ಬೇರೆ ಕಂಡಿಲ್ಲ. ಆದರೆ ಭೂಮಿ ಕೇಂದ್ರದ ಎರಡನೆಯ ಪರದೆಯ ಆಸೆಯನ್ನು ಅದರೊಂದಿಗೆ ಹೊಂದಿಸುವುದು ಸುಲಭವಲ್ಲ: ಹೊರಗೆ ಕಾಣುವ ಪರದೆಯಲ್ಲಿ ಒಬ್ಬರ ಆಧಾರ್ ವಿವರ ಇನ್ನೊಬ್ಬರಿಗೆ ಕಾಣಬಾರದು. ಅಂದರೆ ಸಿಬ್ಬಂದಿಯ ಕಡೆ ಕಾರ್ಯಕ್ಷೇತ್ರಗಳು ಹಲವಿರಬೇಕು, ಹೊರಗಿನ ಪರದೆಗೆ ಮಾತ್ರ ಸರದಿಯಲ್ಲಿರುವವರ ಒಂದೇ ಕಿಟಕಿ ಹೋಗಬೇಕು.

ಗ್ನೋಮ್ ವಿನ್ಯಾಸಕಾರರು 2023ರಲ್ಲಿ ಮುಂದಿಟ್ಟ ಪ್ರಸ್ತಾವ ಇಲ್ಲಿ ನೆನಪಿಗೆ ಬರುತ್ತದೆ. ಪ್ರತಿ ಕಿಟಕಿಯೂ ತನಗೆ ಎಷ್ಟು ಅಗಲ, ಎಷ್ಟು ಎತ್ತರ ಬೇಕೆಂದು ತಾನೇ ವ್ಯವಸ್ಥೆಗೆ ತಿಳಿಸಬೇಕು. ಜೋಡಿಸುವ ಹೊಣೆ ವ್ಯವಸ್ಥೆಯದು. ಕನ್ನಡದ ಮಟ್ಟಿಗೆ ಆ ಅಳತೆಯನ್ನು ಒತ್ತಕ್ಷರದ ಆಳ, ವಾಕ್ಯದ ಕೊನೆಯ ಕ್ರಿಯಾಪದ, ಹೆಸರಿನ ಜೊತೆಗಿನ ತಂದೆಯ ಹೆಸರು ಇವನ್ನೆಲ್ಲ ಎಣಿಸಿ ಹೇಳಬೇಕಾಗುತ್ತದೆ. ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂಬ ಕಲಂ ಆ ಪ್ರಸ್ತಾವದಲ್ಲಿ ಇಲ್ಲ. ಹಾಗೆ ಸೇರಿಸುವುದಾದರೆ ಮೊದಲು ತೆಗೆದು ನೋಡಬೇಕಾದದ್ದು 2001ರ ಭೂಮಿ ಕೇಂದ್ರಗಳ ನಕ್ಷೆಯನ್ನು.