ಹಾಸಿಗೆ ಪಕ್ಕದ ಕಸುಬು: ಮುಂಬ್ರಾದಿಂದ ಕಲ್ಯಾಣದವರೆಗೆ ಆರೈಕೆಗಾರರು ಬೆಳೆದು ಬಂದ ದಾರಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಬರುವ ಹೆಂಗಸರೆಲ್ಲ ವಾಚ್‌ಮನ್ನನ ಲೆಕ್ಕದಲ್ಲಿ ‘ಬಾಯಿ’ಗಳೇ. ಪಾತ್ರೆ ತಿಕ್ಕಲು ಬಂದವಳೂ ಬಾಯಿ, ಲಕ್ವ ಹೊಡೆದು ಮಲಗಿದ ಅಜ್ಜನಿಗೆ ಮೂಗಿನ ನಳಿಗೆಯಲ್ಲಿ ಗಂಜಿ ಹಾಕಿ, ಮೂತ್ರದ ಚೀಲ ಖಾಲಿ ಮಾಡಿ, ಹನ್ನೆರಡು ಗಂಟೆ ಕಾಯಲು ಬಂದವಳೂ ಬಾಯಿ. ಇವರಲ್ಲಿ ಅನೇಕರು ಮುಂಬ್ರಾ, ದಿವಾ, ಕಳವಾ ಕಡೆಯ ಕಡಿಮೆ ಬಾಡಿಗೆಯ ಖೋಲಿಗಳಿಂದ ಸ್ಲೋ ಲೋಕಲ್ ಹಿಡಿದು ಬರುವವರು. ಅಜ್ಜನನ್ನು ಕಾಯಲು ಬಂದವಳದು ಆಸ್ಪತ್ರೆಯ ಕೆಲಸ. ಅದು ಈಗ ಮನೆಯೊಳಗೆ ನಡೆಯುತ್ತಿದೆ, ಅಷ್ಟೆ. ಆದರೆ ಅವಳ ಸಂಬಳ, ರಜೆ, ಹೊಣೆ ಎಲ್ಲವೂ ಮನೆಗೆಲಸದ ಲೆಕ್ಕದಲ್ಲೇ ನಿರ್ಧಾರವಾಗುತ್ತವೆ. ಈ ಗೊಂದಲ ಇಂದು ನಿನ್ನೆಯದಲ್ಲ. ಮುಂಬಯಿ ಸೀಮೆಯಲ್ಲಿ ಈ ಕಸುಬು ನೂರು ವರ್ಷಗಳಿಗೂ ಮಿಕ್ಕಿ ಬೆಳೆದು ಬಂದ ಬಗೆಯನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಕೆಲಸ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತ ಬಂದಿದೆ, ಅದರ ಜೊತೆಗೆ ಇಳಿಯಬೇಕಾಗಿದ್ದ ತರಬೇತಿ, ನೋಂದಣಿ, ಬಾಯಿಬಿಟ್ಟು ಹೇಳುವ ಹಕ್ಕು ಮೇಲೆಯೇ ಉಳಿದಿವೆ.

ಆ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಒಂದು ಹಾಸಿಗೆಯ ಪಕ್ಕದಲ್ಲಿ ನಿಂತೇ ನೋಡಬೇಕು. ತಾನಾಗಿ ಹೊರಳಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಎತ್ತಿ ಸರಿಸಬೇಕು. ಎಳೆದರೆ ಬೆನ್ನಿನ ಕೆಳಭಾಗದ ಚರ್ಮ ಒಳಗೊಳಗೇ ಹರಿಯುತ್ತದೆ. ಬೆನ್ನಿನ ಬುಡದ ಮೂಳೆ, ಹಿಮ್ಮಡಿ, ಸೊಂಟದ ಎಲುಬಿನ ಮೇಲೆ ಕೆಂಪು ಕಲೆ ಕಂಡಾಗ ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ ಸದ್ಯಕ್ಕೆ ಚಿಂತೆಯಿಲ್ಲ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ನಳಿಗೆಯಲ್ಲಿ ಆಹಾರ ಕೊಡುವಾಗ ತಲೆ, ಎದೆ ಎತ್ತರದಲ್ಲಿರಬೇಕು, ಕೊಟ್ಟ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಗೆಯೇ ಇರಿಸಬೇಕು, ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು. ಕಿಟಕಿಯ ಗ್ರಿಲ್ಲಿಗೆ ಎತ್ತರದಲ್ಲಿ ಕಟ್ಟಿದರೆ ಸೋಂಕನ್ನು ನಾವೇ ಕರೆದಂತೆ. ಇಂಜೆಕ್ಷನ್ ಚುಚ್ಚುವುದು, ನಳಿಗೆ ತೂರಿಸುವುದು, ಔಷಧದ ಪ್ರಮಾಣ ಬದಲಿಸುವುದು ಅವಳ ಕೆಲಸವಲ್ಲ. ಅವಳ ದೊಡ್ಡ ಕೆಲಸವೆಂದರೆ ಗಮನಿಸುವುದು ಮತ್ತು ಹೇಳುವುದು. ನಿನ್ನೆ ಎರಡು ರೊಟ್ಟಿ ತಿಂದವರು ಇಂದು ಅರ್ಧಕ್ಕೆ ಬಿಟ್ಟರು, ಮಾತು ತೊದಲುತ್ತಿದೆ, ಮೂತ್ರದ ಬಣ್ಣ ಕಡುವಾಗಿದೆ ಎಂಬುದು ವಾರಕ್ಕೊಮ್ಮೆ ಬರುವ ಡಾಕ್ಟರಿಗೆ ತಾನಾಗಿ ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ. ಹೇಳುವುದು ಯಾರಿಗೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಆರಂಭದಲ್ಲಿ ಇದೆಲ್ಲ ನರ್ಸ್‌ಗಳ ಕೆಲಸವಾಗಿತ್ತು. ಇನ್ನೂ ಹಿಂದೆ ಹೋದರೆ ಮನೆಯ ಹೆಂಗಸರ ಕೆಲಸ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಪ್ರಕಟಿಸಿದ ಹೆಸರಾಂತ ಪುಸ್ತಕ ಆಸ್ಪತ್ರೆಯ ನರ್ಸ್‌ಗಳಿಗಾಗಿ ಬರೆದದ್ದಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು ಎಂಬುದನ್ನು ನರ್ಸಿಂಗ್ ಚರಿತ್ರೆ ಹೇಳುವವರು ಏಕೋ ಮರೆಯುತ್ತಾರೆ. ಮುಂಬಯಿಯಲ್ಲಿ 1845ರ ಜೆ.ಜೆ. ಆಸ್ಪತ್ರೆ, 1886ರ ಕಾಮಾ ಆಸ್ಪತ್ರೆ, 1926ರ ಕೆ.ಇ.ಎಂ. ಆಸ್ಪತ್ರೆ ಬಂದ ಮೇಲೆ ವಾರ್ಡುಗಳಲ್ಲಿ ಒಂದು ಏಣಿ ಎದ್ದು ನಿಂತಿತು: ಡಾಕ್ಟರು, ಅವರ ಕೆಳಗೆ ಸಿಸ್ಟರು, ಅವರ ಕೆಳಗೆ ಆಯಾ, ವಾರ್ಡ್‌ಬಾಯ್. ಮರಾಠಿ ವಾರ್ಡುಗಳಲ್ಲಿ ಆಯಾ ‘ಮಾವಶಿ’ ಆದಳು, ವಾರ್ಡ್‌ಬಾಯ್ ‘ಮಾಮಾ’ ಆದ. ಸಂಬಂಧದ ಹೆಸರು ಕೊಟ್ಟರೂ ಸ್ಥಾನ ಮಾತ್ರ ನಾಲ್ಕನೇ ದರ್ಜೆ. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದಳು. ಮರುವರ್ಷವೇ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ನರ್ಸ್‌ಗೆ ಪಠ್ಯಕ್ರಮ, ಪರೀಕ್ಷೆ, ನೋಂದಣಿ ಸಿಕ್ಕಿದವು. ಇದು ದೊಡ್ಡ ಸಾಧನೆಯೇ. ಆದರೆ ನರ್ಸ್ ಚಾರ್ಟು, ಡ್ರಿಪ್ಪು, ಔಷಧದ ಟ್ರಾಲಿಯ ಹಿಂದೆ ಓಡುವಂತಾದಾಗ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಉಣಿಸುವುದು, ಸ್ಟ್ರೆಚರ್ ತಳ್ಳುವುದು ಮಾವಶಿ ಮತ್ತು ಮಾಮಾರ ಪಾಲಿಗೆ ಬಂದವು. ಅವರಿಗೆ ಕೌನ್ಸಿಲ್ಲೂ ಇರಲಿಲ್ಲ, ಪಠ್ಯವೂ ಇರಲಿಲ್ಲ. ಹಳಬರು ಹೊಸಬರಿಗೆ ಕಲಿಸಿಕೊಟ್ಟದ್ದೇ ವಿದ್ಯೆ.

ಹಾಸಿಗೆ ಪಕ್ಕದ ಆರೈಕೆ ಚೆನ್ನಾಗಿ ನಡೆದರೆ ಏನಾಗಬಲ್ಲದು ಎಂಬುದಕ್ಕೆ ಕನ್ನಡನಾಡಿಗೆ ಹತ್ತಿರದ ಸಾಕ್ಷಿಯೊಂದು ಇದೇ ಮುಂಬಯಿಯಲ್ಲಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಕೆ.ಇ.ಎಂ. ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಸಫಾಯಿ ನೌಕರನ ಹಲ್ಲೆಗೆ ತುತ್ತಾಗಿ, ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದದ್ದರಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅಲ್ಲಿಯೇ ಮಲಗಿದ್ದರು. ದಯಾಮರಣದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ಕೊಟ್ಟ ತೀರ್ಪು ಪ್ರಸಿದ್ಧವಾದದ್ದು ನಿಷ್ಕ್ರಿಯ ದಯಾಮರಣಕ್ಕೆ ದಾರಿ ತೆರೆದದ್ದಕ್ಕಾಗಿ. ಅದರಲ್ಲಿ ಇನ್ನೊಂದು ಮಾತೂ ಇದೆ. ಅರ್ಜಿ ಹಾಕಿದ ಲೇಖಕಿಯಲ್ಲ, ದಶಕಗಳಿಂದ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಅರುಣಾ ಪರವಾಗಿ ಮಾತನಾಡಲು ಅರ್ಹರು ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಅಷ್ಟು ವರ್ಷ ಮಲಗಿದ್ದವರಿಗೆ ಹಾಸಿಗೆ ಹುಣ್ಣಾಗಲಿಲ್ಲ ಎಂಬುದನ್ನು ಸಿಬ್ಬಂದಿ ಹೆಮ್ಮೆಯಿಂದ ಹೇಳುತ್ತಿದ್ದರು. ಅವರ ಸೇವೆಯನ್ನು ನ್ಯಾಯಾಲಯವೂ ಮೆಚ್ಚಿತು. ಇದನ್ನು ತ್ಯಾಗದ ಕತೆ ಮಾಡಿ ಮುಗಿಸುವುದು ಸುಲಭ. ನನಗೆ ಕಾಣುವುದು ಬೇರೆ: ಅಲ್ಲಿ ಪಾಳಿಯಿತ್ತು, ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದರು, ಮೇಲ್ವಿಚಾರಣೆಯಿತ್ತು, ಕೆಂಪು ಕಲೆ ಕಂಡರೆ ಹೇಳಲು ಪಕ್ಕದಲ್ಲೇ ತಿಳಿದವರಿದ್ದರು. ಪ್ರೀತಿಯಿದ್ದದ್ದು ನಿಜ, ಆದರೆ ಆ ಪ್ರೀತಿಗೆ ಒಂದು ವ್ಯವಸ್ಥೆಯ ಬೆಂಬಲವಿತ್ತು. ಡೊಂಬಿವಲಿಯ ಒಂದು ಫ್ಲ್ಯಾಟಿನಲ್ಲಿ ಹನ್ನೆರಡು ಗಂಟೆ ಒಬ್ಬಳೇ ಇರುವ ಹೆಂಗಸಿನಿಂದ ಅದೇ ಫಲವನ್ನು ಬಯಸುವಾಗ ನಾವು ಈ ಬೆಂಬಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಸ್ಪತ್ರೆಯ ಹೊರಗೆ ಸರ್ಕಾರ ಈ ಏಣಿಗೆ ಮೆಟ್ಟಿಲುಗಳನ್ನು ಸೇರಿಸುತ್ತ ಹೋಯಿತು. ಎ.ಎನ್.ಎಂ. ಎಂಬ ಸಹಾಯಕ ನರ್ಸ್-ಸೂಲಗಿತ್ತಿಯರು, 1973ರ ಕರ್ತಾರ್ ಸಿಂಗ್ ಸಮಿತಿಯ ವಿವಿಧೋದ್ದೇಶ ಕಾರ್ಯಕರ್ತರು, 1977ರ ಸಮುದಾಯ ಆರೋಗ್ಯ ಕಾರ್ಯಕರ್ತರು, 2005ರ ನಂತರ ಆಶಾ ಕಾರ್ಯಕರ್ತೆಯರು. ಇವೆಲ್ಲ ತಾಯಿ, ಮಗು, ಲಸಿಕೆ, ಸಾಂಕ್ರಾಮಿಕದ ಸುತ್ತ ಹೆಣೆದವು. ಹಾಸಿಗೆ ಹಿಡಿದ ವೃದ್ಧ ಆ ನಕ್ಷೆಯಲ್ಲಿ ಹೆಚ್ಚು ಕಡಿಮೆ ಇರಲೇ ಇಲ್ಲ. 2011ರ ಜನಗಣತಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚೆಂದು ಎಣಿಸಿದ ಹೊತ್ತಿಗೆ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಆಗಷ್ಟೇ ಶುರುವಾಗಿತ್ತು. ಕೌಶಲ ಮಂಡಳಿಗಳು ಬಂದ ಮೇಲೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’, ‘ಹೋಮ್ ಹೆಲ್ತ್ ಏಡ್’ ಎಂಬ ಕೋರ್ಸುಗಳು ಹುಟ್ಟಿದವು. ಕೋವಿಡ್ ಕಾಲದಲ್ಲಿ, 2021ರ ಜೂನ್ 18ರಂದು, ಒಂದು ಲಕ್ಷ ಜನರಿಗೆ ತರಾತುರಿಯ ತರಬೇತಿ ಕೊಡುವ ಯೋಜನೆಯೇ ಶುರುವಾಯಿತು. ಅದರ ಆರು ಹುದ್ದೆಗಳಲ್ಲಿ ಮನೆ ಆರೈಕೆಯೂ ಒಂದು. ಅದಕ್ಕೆ ಸುಮಾರು ಎರಡು ತಿಂಗಳ ಹಿಂದೆಯಷ್ಟೇ, ಅದೇ ವರ್ಷದ ಏಪ್ರಿಲ್ 28ರ ಬೆಳಗಿನ ಜಾವ, ಮುಂಬ್ರಾ-ಕೌಸಾದ ಖಾಸಗಿ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದು ರೋಗಿಗಳನ್ನು ಬೇರೆಡೆಗೆ ಸಾಗಿಸುವಾಗ ನಾಲ್ವರು ಸತ್ತಿದ್ದರು. 2023ರ ಆಗಸ್ಟ್‌ನಲ್ಲಿ ಮುಂಬ್ರಾದವರೂ ನೆಚ್ಚಿಕೊಂಡ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 18 ರೋಗಿಗಳು ತೀರಿಕೊಂಡಾಗ, ಠಾಣೆಯ ಸಿವಿಲ್ ಆಸ್ಪತ್ರೆಯ ಮರುನಿರ್ಮಾಣದಿಂದ ಅಲ್ಲಿಗೆ ಬಂದು ಬಿದ್ದ ಹೊರೆಯ ಮಾತು ಕೇಳಿಬಂತು. ಈ ಎರಡು ಘಟನೆಗಳಿಗೆ ಆರೈಕೆಗಾರರ ಕೊರತೆಯೇ ಕಾರಣ ಎಂದು ಹೇಳಲು ಬರುವುದಿಲ್ಲ. ಆದರೆ ಆಸ್ಪತ್ರೆ ಎಂದಾಗ ನಾವು ಎಣಿಸುವುದು ಮಂಚ, ವೆಂಟಿಲೇಟರ್, ಡಾಕ್ಟರುಗಳನ್ನು. ಅಲುಗಾಡಿಸಬಾರದ ರೋಗಿಯನ್ನು ಕತ್ತಲಲ್ಲಿ ಮೆಟ್ಟಿಲಿಳಿಸುವ ಕೈಗಳನ್ನು ಯಾರೂ ಎಣಿಸುವುದಿಲ್ಲ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಆ ಕೈಗಳು ಬಹಳ ಸಲ ಜೊತೆಗೆ ಬಂದ ನೆಂಟರದೇ.

ಕೋರ್ಸು ಬಂದರೂ ಕಸುಬು ಯಾಕೆ ನೆಟ್ಟಗಾಗಲಿಲ್ಲ? ಸರ್ಟಿಫಿಕೇಟು ಇದ್ದವಳಿಗೂ ಇಲ್ಲದವಳಿಗೂ ಆರೈಕೆಗಾರರನ್ನು ಒದಗಿಸುವ ಬ್ಯೂರೋ ಹೇಳುವ ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬ್ಯೂರೋ ಎಂದರೆ ಅನೇಕ ಸಲ ಒಂದು ಫೋನು, ಒಂದು ಹೆಸರಿನ ಪಟ್ಟಿ, ಒಂದು ಕಮಿಷನ್. ಮಹಾರಾಷ್ಟ್ರದ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ 1949ರದು, ಅದು ಯೋಚಿಸಿದ್ದು ಮಂಚಗಳಿರುವ ಕಟ್ಟಡವನ್ನು ಕುರಿತು. 2008ರ ಮನೆಗೆಲಸದವರ ಕಲ್ಯಾಣ ಮಂಡಳಿ ಕಾಯ್ದೆ ಯೋಚಿಸಿದ್ದು ಕಸ-ಮುಸುರೆಯನ್ನು ಕುರಿತು. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ವರ್ಷಗಟ್ಟಲೆ ಓದಿದ ತಂತ್ರಜ್ಞರನ್ನೂ ಚಿಕಿತ್ಸಕರನ್ನೂ ಸೇರಿಸಿಕೊಂಡಿತು, ಹಾಸಿಗೆ ಪಕ್ಕದ ಇವಳನ್ನು ಹೊರಗೇ ಬಿಟ್ಟಿತು. ಮನೆಗೆಲಸದವರಿಗೆ ಕಾನೂನಿನ ಚೌಕಟ್ಟು ಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಸಮಿತಿ ರಚಿಸಲು ಹೇಳಿದೆ. ಅದು ಒಳ್ಳೆಯದೇ, ಆದರೆ ಅದರಲ್ಲಿ ಸೇರಿಬಿಟ್ಟರೂ ಇವಳ ಅರ್ಧ ಕೆಲಸವಷ್ಟೇ ಕಾನೂನಿನ ಕಣ್ಣಿಗೆ ಬಿದ್ದಂತೆ.

ಈ ಕೆಲಸಕ್ಕೆ ತರಬೇತಿ, ನೋಂದಣಿ ಬೇಕು ಎಂದಾಗ ಬರುವ ಆಕ್ಷೇಪಗಳಲ್ಲಿ ಹಳೆಯದು, ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಅದನ್ನು ಕಸುಬು ಮಾಡುವುದೇ ತಪ್ಪು ಎಂಬುದು. 2007ರ ಹಿರಿಯ ನಾಗರಿಕರ ಕಾಯ್ದೆಯೂ ಪಾಲನೆಯ ಹೊಣೆಯನ್ನು ಮಕ್ಕಳ ಮೇಲೆಯೇ ಹೊರಿಸಿದೆ. ಆದರೆ ‘ಮಕ್ಕಳು’ ಎಂದಾಗ ನಿಜವಾಗಿ ಎದ್ದು ನಿಲ್ಲುವವಳು ಸೊಸೆ ಅಥವಾ ಮದುವೆಯಾಗದ ಮಗಳು, ಮತ್ತು ಅವಳಿಗೂ ಮಗ್ಗುಲು ಬದಲಿಸುವ ವಿದ್ಯೆ ಹುಟ್ಟಿನಿಂದ ಬಂದಿರುವುದಿಲ್ಲ. ಎರಡನೆಯ ಆಕ್ಷೇಪ ನರ್ಸ್‌ಗಳದ್ದು: ಅರೆಬರೆ ಕಲಿತವರಿಗೆ ಬಿಲ್ಲೆ ಕೊಟ್ಟರೆ ನಾಳೆ ಅವರೇ ಇಂಜೆಕ್ಷನ್ ಹಿಡಿಯುತ್ತಾರೆ. ಈ ಭಯ ಸುಳ್ಳಲ್ಲ, ಈಗಲೇ ಎಷ್ಟೋ ಮನೆಗಳಲ್ಲಿ ಬಿಳಿ ಏಪ್ರನ್ ಹಾಕಿದವಳನ್ನು ‘ಸಿಸ್ಟರ್’ ಎಂದು ಕರೆದು ಇನ್ಸುಲಿನ್ ಕೊಡಲು ಹಚ್ಚುತ್ತಾರೆ. ಆದರೆ ಗಡಿ ದಾಟುವುದು ಗಡಿ ಬರೆದಿಲ್ಲದ ಕಾರಣಕ್ಕೆ. ಮಾಡಬಹುದಾದದ್ದು, ಮಾಡಬಾರದ್ದು ಲಿಖಿತವಾಗಿದ್ದರೆ ‘ಇದು ನನ್ನ ಕೆಲಸವಲ್ಲ’ ಎನ್ನಲು ಅವಳಿಗೂ ಒಂದು ಆಧಾರವಿರುತ್ತದೆ. ಮೂರನೆಯದಕ್ಕೆ ಉತ್ತರ ಕಷ್ಟ: ನೋಂದಣಿ, ತರಬೇತಿ, ವಾರದ ರಜೆ ಎಂದರೆ ಖರ್ಚು, ಪಿಂಚಣಿಯ ಮೇಲೆ ಬದುಕುವ ನಿವೃತ್ತ ಬ್ಯಾಂಕ್ ನೌಕರನ ಮನೆಗೆ ಅದು ನಿಲುಕದು. ನಿಜ. ಆದರೆ ಖರ್ಚು ಈಗಲೂ ಇದೆ, ಅದನ್ನು ಅವಳ ನಿದ್ದೆಯಿಂದ ವಸೂಲು ಮಾಡುತ್ತಿದ್ದೇವೆ. ಇಪ್ಪತ್ನಾಲ್ಕು ಗಂಟೆಯ ಡ್ಯೂಟಿ ಎಂದರೆ ರೋಗಿ ಎದ್ದಾಗಲೆಲ್ಲ ಏಳುವುದು. ಹಾಗೆ ವಾರಗಟ್ಟಲೆ ನಿದ್ದೆಗೆಟ್ಟವಳ ಕೈಯಲ್ಲಿ ಗಂಜಿಯ ನಳಿಗೆ ಕೊಡುವುದು ರೋಗಿಗೂ ಅಪಾಯ. ಹುಣ್ಣೊಂದು ಎಲುಬು ಮುಟ್ಟಿದರೆ ಆಸ್ಪತ್ರೆಯ ಬಿಲ್ಲು ಎಷ್ಟಾಗುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ಪೂರಾ ಹೊರೆಯನ್ನು ಮನೆಯೊಂದರ ಮೇಲೆ ಬಿಡದ ದಾರಿಗಳು ಬೇರೆ ಕಡೆ ಇವೆ. ಜಪಾನ್ 1987ರಲ್ಲೇ ಆರೈಕೆಗಾರರಿಗೆ ರಾಷ್ಟ್ರೀಯ ಅರ್ಹತೆ ತಂದಿತು, 2000ದಲ್ಲಿ ದೀರ್ಘಕಾಲದ ಆರೈಕೆಗೆ ವಿಮೆ ಜೋಡಿಸಿತು. ಜರ್ಮನಿ ಅಂಥ ವಿಮೆಯನ್ನು 1995ರಲ್ಲೇ ಆರಂಭಿಸಿತ್ತು. ಕೆನಡಾದ ಒಂಟಾರಿಯೊ ಇವರಿಗೆಂದೇ ಪ್ರತ್ಯೇಕ ನೋಂದಣಿ ಪ್ರಾಧಿಕಾರ ಮಾಡಿಕೊಂಡಿದೆ, ಸದ್ಯಕ್ಕೆ ಸೇರುವುದು ಅವರವರ ಇಷ್ಟ. ಈ ದೇಶಗಳ ಹಣ ನಮ್ಮಲ್ಲಿಲ್ಲ ಎನ್ನುವವರಿಗೆ ಕೇರಳ ಹತ್ತಿರವೇ ಇದೆ. 2008ರಲ್ಲಿ ಅಲ್ಲಿ ಉಪಶಮನ ಆರೈಕೆಯ ನೀತಿ ಬಂತು. ಪಂಚಾಯತಿಗಳ ಮೂಲಕ ತರಬೇತಿ ಪಡೆದ ನರ್ಸ್ ಮನೆಮನೆಗೆ ಹೋಗುತ್ತಾಳೆ, ಮಲಪ್ಪುರಂ ಸೀಮೆಯಲ್ಲಿ ನೆರೆಹೊರೆಯ ಸ್ವಯಂಸೇವಕರೂ ಕೈಜೋಡಿಸುತ್ತಾರೆ. ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮನೆಯ ಆರೈಕೆಗಾರರಿಗೆ ಪ್ರಶ್ನೆ ಕೇಳಲು ಒಬ್ಬಳು ನಿಶ್ಚಿತ ನರ್ಸ್ ಇದ್ದಾಳೆ ಎಂಬುದು. ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳಿಗೆ ತಮ್ಮ ಆರೋಗ್ಯ ಕೇಂದ್ರಗಳ ಮೂಲಕ ಇಷ್ಟನ್ನು ಮಾಡುವುದು ಆಗದ ಮಾತಲ್ಲ. ವಾರ್ಡಿನಲ್ಲಿ ಮನೆ ಆರೈಕೆ ಮಾಡುವವರ ಪಟ್ಟಿ, ತಿಂಗಳಿಗೊಂದು ಅಭ್ಯಾಸ, ಫೋನೆತ್ತುವ ಒಬ್ಬ ನರ್ಸ್ ಇದ್ದರೆ ಆರಂಭಕ್ಕೆ ಸಾಕು.

ಈ ಊರುಗಳ ಕನ್ನಡ ಮನೆಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಐವತ್ತು ವರ್ಷ ಹಿಂದಿ, ಮರಾಠಿಯಲ್ಲಿ ವ್ಯವಹಾರ ಮಾಡಿದವರು ಮರೆವಿನ ಕಾಯಿಲೆ ಬಂದ ಮೇಲೆ ಬಾಲ್ಯದ ಕನ್ನಡಕ್ಕೋ ತುಳುವಿಗೋ ಮರಳುವುದುಂಟು. ‘ನೋವು’, ‘ಬಾಯಾರಿಕೆ’, ‘ಉಚ್ಚೆ’ ಎಂದದ್ದು ಮುಂಬ್ರಾದಿಂದ ಬಂದ ಉರ್ದು ಮಾತಿನ ಹೆಂಗಸಿಗೆ ತಿಳಿಯದಿದ್ದರೆ, ಮುದುಕಿ ಹಟ ಮಾಡುತ್ತಾಳೆ ಎಂದು ಮನೆಯವರಿಗೆ ವರದಿ ಹೋಗುತ್ತದೆ. ನಿದ್ದೆ ಮಾತ್ರೆ ಶುರುವಾಗುತ್ತದೆ. ಶಾಲೆ ಕಟ್ಟಿ, ನಾಟಕ ಆಡಿಸಿ, ದಸರಾ ನಡೆಸಿಕೊಂಡು ಬಂದ ಇಲ್ಲಿನ ಕನ್ನಡ ಸಂಘಗಳ ಸದಸ್ಯರಿಗೇ ಈಗ ವಯಸ್ಸಾಗಿದೆ. ಮೈನೋವು, ಹಸಿವು, ಶೌಚಕ್ಕೆ ಬೇಕಾದ ಇಪ್ಪತ್ತು ಮೂವತ್ತು ಕನ್ನಡ, ತುಳು ಮಾತುಗಳನ್ನು ದೇವನಾಗರಿ ಮತ್ತು ಉರ್ದು ಲಿಪಿಗಳಲ್ಲಿ ಅಚ್ಚು ಹಾಕಿಸಿ ಮಂಚದ ತಲೆಗೆ ಅಂಟಿಸುವಂತೆ ಕೊಡಲು ಯಾವ ಕಾಯ್ದೆಯೂ ಬೇಕಿಲ್ಲ. ಅದರ ಕೆಳಗೆ ಮಗ್ಗುಲು ಬದಲಿಸಿದ ವೇಳೆ ಗುರುತು ಹಾಕಲು ಒಂದು ಪಟ್ಟಿ, ಕೆಂಪು ಕಲೆ ಕಂಡರೆ ಕರೆಯಬೇಕಾದ ನಂಬರು ಇರಲಿ. ಸಂಜೆ ಎಂಟಕ್ಕೆ ಪಾಳಿ ಬದಲಾದಾಗ ಬರುವವಳು ಮೊದಲು ಓದಿಕೊಳ್ಳುವುದು ಅದನ್ನೇ.